ಕೇಳಿ ಪರ್ವಾಗಿಲ್ಲ: ಒಂದೇ ನಲ್ಲಿ, ಎರಡು ಬಿಂದಿಗೆ

ಹೋದ ಸಂಚಿಕೇಲಿ ಯಾರೋ ಕೇಳಿದ್ರು ಅಂತ ಇಸ್ರೇಲ್ ಪ್ಯಾಲೆಸ್ತೀನ್ ಬಗ್ಗೆ ಎರಡೇ ಎರಡು ಸಾಲು ಬರ್ದಿದ್ದೆ, "ಇಬ್ರೂ ಅಲ್ಲೇ ಇರೋರು, ಯಾರೂ ಗಂಟುಮೂಟೆ ಕಟ್ಟಲ್ಲ, ಆದ್ರಿಂದ ಒಟ್ಟಿಗೆ ಬದುಕೋದು ಹೇಗೆ ಅನ್ನೋದೇ ಉಳಿದಿರೋ ಪ್ರಶ್ನೆ" ಅಂತ. ಅಷ್ಟಕ್ಕೇ ಕಾಗದ, ಇಮೇಲ್, ವಾಟ್ಸಾಪ್ ಎಲ್ಲಾ ಸೇರಿ ಒಂದು ರಾಶಿ ಬಂದ್ಬಿಡ್ತು. ಅರ್ಧ ಬೈಗುಳ. ಬೈದೋರಲ್ಲಿ ಅರ್ಧ ಜನ ನಾನು ಆ ಕಡೆಯೋನು ಅಂತ, ಇನ್ನರ್ಧ ಈ ಕಡೆಯೋನು ಅಂತ, ಸೋ ಲೆಕ್ಕ ಸರಿಹೋಯ್ತು. ಮಿಕ್ಕಿದ್ದರಲ್ಲಿ ನಿಜಕ್ಕೂ ಒಳ್ಳೆ ಪ್ರಶ್ನೆಗಳಿದ್ವು, ಅದಕ್ಕೇ ಈ ಸಲ ಕಾಲಂ ಪೂರ್ತಿ ಇದೇ ವಿಷಯ. ಅಳಿಯನ ಗೊರಕೆ ಬಗ್ಗೆ ಕೇಳಿರೋ ರಾಜಾಜಿನಗರದ ಅಮ್ಮ ಇನ್ನೊಂದು ಹದಿನೈದು ದಿನ ಕಿವಿಗೆ ಹತ್ತಿ ಇಟ್ಕೊಂಡು ತಡ್ಕೋಬೇಕು.

ಯಹೂದಿಗಳು, ಪ್ಯಾಲೆಸ್ತೀನಿಯರು ಇಬ್ರೂ ಒಂದೇ ದೇಶ ಮಾಡ್ಕೊಂಡು ಯಾಕೆ ಇರಬಾರದು? ನಮ್ಮಲ್ಲಿ ಇಷ್ಟು ಜಾತಿ, ಇಷ್ಟು ಭಾಷೆ, ಇಷ್ಟು ಧರ್ಮ ಇಟ್ಕೊಂಡು ನಾವು ಇಲ್ವಾ? — ರಿಟೈರ್ಡ್ ಮೇಷ್ಟ್ರು, ಬಸವನಗುಡಿ

ಮೇಷ್ಟ್ರೇ, ನಿಮ್ಮ ಕಾಗದ ಓದ್ತಿದ್ದ ಹಾಗೇ ನಂಗೆ ಚಾಮರಾಜಪೇಟೇಲಿ ನಾವಿದ್ದ ವಠಾರ ನೆನಪಾಯ್ತು. ಎಂಟು ಮನೆ, ಅಂಗಳದಲ್ಲಿ ಒಂದು ನಲ್ಲಿ, ನೀರು ಬರ್ತಿದ್ದದ್ದು ಬೆಳಗಿನ ಜಾವ, ಅದೂ ದಿನಾ ಅಲ್ಲ. ಬಿಂದಿಗೆ ಸಾಲಲ್ಲಿ ಜಗಳ ಆಗದ ದಿನ ಇಲ್ಲ. ಓನರ್ ಮನೆಗೆ ಮಾತ್ರ ಬೇರೆ ಕನೆಕ್ಷನ್ನು, ಮೇಲೊಂದು ಟ್ಯಾಂಕು. ಜಗಳ ಜೋರಾದಾಗ ಓನರಮ್ಮ ಮಹಡಿಯಿಂದ ಬಗ್ಗಿ "ಒಟ್ಟಿಗಿರೋರು, ಅನುಸರಿಸ್ಕೊಂಡು ಹೋಗ್ಬೇಕಪ್ಪಾ" ಅನ್ನೋರು, ಒಳ್ಳೆ ಹೆಂಗಸೇ, ಹಬ್ಬಕ್ಕೆ ಎಲ್ಲಾ ಮನೆಗೂ ಒಬ್ಬಟ್ಟು ಕಳಿಸೋರು, ಆದ್ರೆ ನಲ್ಲಿ ಮಾತ್ರ ಒಂದೇ ಉಳೀತು. ಬಿಎಂಟಿಸಿ ಬಸ್ಸಲ್ಲಿ ನೋಡಿ, "ಸ್ವಲ್ಪ ಅಡ್ಜಸ್ಟ್ ಮಾಡಿ" ಅಂತ ಕೇಳೋನು ನಿಂತಿರೋನು, ಸರಿಯೋನು ಕೂತಿರೋನು. ನಮ್ಮ ವಠಾರದಲ್ಲಿ ಅದು ಉಲ್ಟಾ ಇತ್ತು. ಅದಕ್ಕೇ ಯಾರಾದ್ರೂ "ಒಟ್ಟಿಗೆ ಬಾಳಬೇಕು" ಅಂದ ತಕ್ಷಣ ನಾನು ಮೊದ್ಲು ನೋಡೋದು ಸರೀಬೇಕಾಗಿರೋದು ಯಾರು ಅಂತ.

ಈಗ ಜಾಗದ ವಿಷಯಕ್ಕೆ ಬರೋಣ. ಜೋರ್ಡನ್ ನದಿಯಿಂದ ಮೆಡಿಟರೇನಿಯನ್ ಸಮುದ್ರದವರೆಗೆ, ಇಸ್ರೇಲ್, ವೆಸ್ಟ್ ಬ್ಯಾಂಕ್, ಗಾಜಾ ಎಲ್ಲಾ ಸೇರಿಸಿದ್ರೂ ಸುಮಾರು 27 ಸಾವಿರ ಚದರ ಕಿಲೋಮೀಟರ್, ಅಂದ್ರೆ ನಮ್ಮ ಕರ್ನಾಟಕದ ಏಳರಲ್ಲಿ ಒಂದು ಪಾಲು. ಗಾಜಾ ಅಂತೂ 365 ಚದರ ಕಿಲೋಮೀಟರ್, ಬೆಂಗಳೂರಿನ ಅರ್ಧದಷ್ಟು, ಅದರಲ್ಲಿ 20 ಲಕ್ಷ ಜನ. ಒಟ್ಟು ಆ ನೆಲದಲ್ಲಿರೋರು 1.4 ಕೋಟಿ ಮೇಲೆ, ಹೆಚ್ಚುಕಡಿಮೆ ಅರ್ಧ ಯಹೂದಿಗಳು, ಅರ್ಧ ಪ್ಯಾಲೆಸ್ತೀನಿಯರು. ಈ ಅರ್ಧರ್ಧ ಅನ್ನೋದನ್ನ ನೆನಪಿಟ್ಕೊಳ್ಳಿ, ಇಡೀ ಗಂಟು ಇರೋದು ಅಲ್ಲೇ.

ನಿಜ ಹೇಳ್ಬೇಕು ಅಂದ್ರೆ ಅಲ್ಲಿ ಒಂದೇ ರಾಜ್ಯ ಅನ್ನೋದು ಮುಂದೆ ಆಗ್ಬೇಕಾಗಿರೋ ಕನಸೇನಲ್ಲ, ಒಂಥರಾ ಈಗಾಗಲೇ ಇದೆ. ವೆಸ್ಟ್ ಬ್ಯಾಂಕ್, ಗಾಜಾ ಎರಡೂ ಇಸ್ರೇಲ್ ಕೈಗೆ ಬಂದ 1967ರ ಯುದ್ಧದಿಂದ ಈಚೆಗೆ ಗಡಿ ಯಾರ ಕೈಲಿದೆ, ಆಕಾಶ ಯಾರ ಕೈಲಿದೆ, ವೆಸ್ಟ್ ಬ್ಯಾಂಕಿನ ರಾಮಲ್ಲಾದ ಅಂಗಡೀಲೂ ಓಡೋ ದುಡ್ಡು ಯಾವ್ದು ಅಂತ ಕೇಳಿದ್ರೆ ಎಲ್ಲಕ್ಕೂ ಉತ್ತರ ಇಸ್ರೇಲ್, ದುಡ್ಡು ಶೆಕೆಲ್. ಆದ್ರೆ ಒಳಗಿರೋ ಪ್ಯಾಲೆಸ್ತೀನಿಯರು ಮಾತ್ರ ನಾಲ್ಕು ಥರ. ಇಸ್ರೇಲ್ ಒಳಗಿರೋ ಅರಬರು, ಆ ದೇಶದ ಐದರಲ್ಲಿ ಒಬ್ರು, ಪ್ರಜೆಗಳು, ಪಾರ್ಲಿಮೆಂಟಿಗೆ ಓಟು ಹಾಕ್ತಾರೆ. ಪೂರ್ವ ಜೆರುಸಲೇಂನಲ್ಲಿರೋ ಹೆಚ್ಚಿನವರಿಗೆ ವಾಸದ ಕಾರ್ಡು, ಮುನಿಸಿಪಾಲಿಟಿ ಓಟಿದೆ, ಪಾರ್ಲಿಮೆಂಟ್ ಓಟಿಲ್ಲ. ವೆಸ್ಟ್ ಬ್ಯಾಂಕಿನವರ ಮೇಲೆ ಮಿಲಿಟರಿ ಕಾನೂನು, ಜೊತೆಗೆ ಒಂದಷ್ಟು ಊರುಗಳಿಗೆ ಮಾತ್ರ ಪ್ಯಾಲೆಸ್ತೀನಿಯನ್ ಅಥಾರಿಟಿ ಅನ್ನೋ ಅರ್ಧಂಬರ್ಧ ಸರ್ಕಾರ, ಯಾಕಂದ್ರೆ 1990ರ ದಶಕದಲ್ಲಿ ಇಬ್ರೂ ಮಾಡ್ಕೊಂಡ ಓಸ್ಲೋ ಒಪ್ಪಂದದ ಪ್ರಕಾರ ಅಲ್ಲಿನ ನೂರಕ್ಕೆ ಅರವತ್ತು ಭಾಗ ಇವತ್ತಿಗೂ ನೇರವಾಗಿ ಇಸ್ರೇಲ್ ಹಿಡಿತದಲ್ಲೇ ಇದೆ. ಗಾಜಾದ ಕಥೆ ನಾನು ಹೇಳ್ಬೇಕಾಗಿಲ್ಲ. ಇದೇ ವೆಸ್ಟ್ ಬ್ಯಾಂಕಲ್ಲಿ ಒಂದು ಗುಡ್ಡದ ಮೇಲೆ ಇಸ್ರೇಲಿ ವಸಾಹತಿನ ಮನೆ, ಕೆಳಗೆ ಪ್ಯಾಲೆಸ್ತೀನಿ ಹಳ್ಳಿ. ಮೇಲಿನೋನು ತಪ್ಪು ಮಾಡಿದ್ರೆ ಇಸ್ರೇಲಿನ ಸಿವಿಲ್ ಕೋರ್ಟು, ಕೆಳಗಿನೋನು ಅದೇ ತಪ್ಪು ಮಾಡಿದ್ರೆ ಮಿಲಿಟರಿ ಕೋರ್ಟು. ಇದನ್ನ ಇಸ್ರೇಲಿನದ್ದೇ ಬೆತ್ಸೆಲೆಮ್ ಅನ್ನೋ ಮಾನವ ಹಕ್ಕು ಸಂಸ್ಥೆ 2021ರಲ್ಲಿ ಅಪಾರ್ಥೈಡ್, ಅಂದ್ರೆ ಹಿಂದೆ ಸೌತ್ ಆಫ್ರಿಕಾದಲ್ಲಿದ್ದಂಥ ಜನಾಂಗ ಭೇದದ ಆಡಳಿತ, ಅಂತ ಕರೀತು, ಇಸ್ರೇಲ್ ಸರ್ಕಾರ ಅದು ಶುದ್ಧ ಸುಳ್ಳು ಅನ್ನುತ್ತೆ. ಹೆಸರು ಏನಾದ್ರೂ ಇಟ್ಕೊಳ್ಳಿ, ನಲ್ಲಿ ಎಲ್ಲಿದೆ, ಟ್ಯಾಂಕು ಎಲ್ಲಿದೆ ಅನ್ನೋದು ಬದಲಾಗಲ್ಲ.

ಹಂಗಾದ್ರೆ ಎಲ್ಲಾರಿಗೂ ಓಟು ಕೊಟ್ಬಿಟ್ರೆ ಮುಗೀತಲ್ಲ ಅಂತೀರಿ. ನ್ಯಾಯ ಅಂತ ನೋಡಿದ್ರೆ ಅದಕ್ಕಿಂತ ಸರಳವಾದ್ದು ಇಲ್ಲ, ಒಬ್ಬರಿಗೆ ಒಂದು ಓಟು. ಆದ್ರೆ ಆ ಅರ್ಧರ್ಧ ಲೆಕ್ಕ ನೆನಪಿಟ್ಕೊಳ್ಳಿ ಅಂದ್ನಲ್ಲ, ಎಲ್ಲಾರಿಗೂ ಓಟು ಬಂದ ದಿನ "ಯಹೂದಿಗಳ ದೇಶ" ಅನ್ನೋದು ಉಳಿಯೋ ಗ್ಯಾರಂಟಿ ಇಲ್ಲ, ಇಸ್ರೇಲ್ ಹುಟ್ಟಿದ್ದೇ ಆ ಕಾರಣಕ್ಕೆ. 2018ರಲ್ಲಂತೂ ಕಾನೂನೇ ಮಾಡಿದ್ರು, ಇಸ್ರೇಲಿನಲ್ಲಿ ರಾಷ್ಟ್ರೀಯ ಸ್ವಯಂನಿರ್ಣಯದ ಹಕ್ಕು ಯಹೂದಿಗಳಿಗೆ ಮಾತ್ರ ಅಂತ, ಅಲ್ಲಿವರೆಗೂ ಅಧಿಕೃತ ಭಾಷೆಯಾಗಿದ್ದ ಅರಬಿಕ್ಕಿಗೆ "ವಿಶೇಷ ಸ್ಥಾನ" ಕೊಟ್ಟು ಒಂದು ಮೆಟ್ಟಿಲು ಇಳಿಸಿದ್ರು. ಈ ಕಡೆ ಪ್ಯಾಲೆಸ್ತೀನಿಯರಿಗೆ ತಾನೇ ಬರೀ ಓಟು ಸಾಕಾ? ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಸುಮಾರು 7 ಲಕ್ಷ ಜನ ಊರು ಬಿಟ್ರು, ಬಿಡಿಸಲ್ಪಟ್ರು, ಅವರ ಮೊಮ್ಮಕ್ಕಳ ಹತ್ರ ಇವತ್ತಿಗೂ ಮನೆ ಬೀಗದ ಕೈ ಇದೆ. ಅವರಿಗೆ ಬೇಕಾಗಿರೋದು ತಮ್ಮದು ಅನ್ನೋ ಬಾವುಟ, ತಮ್ಮ ಹೆಸರಿನ ಪಾಸ್‌ಪೋರ್ಟು, ವಾಪಸ್ ಬರೋ ಹಕ್ಕು.

ಇದು ಹೊಸ ಯೋಚನೇನೂ ಅಲ್ಲ. 1925ರಲ್ಲೇ ಜೆರುಸಲೇಂನಲ್ಲಿ ಬ್ರಿತ್ ಶಾಲೋಂ ಅಂತ ಒಂದು ಸಣ್ಣ ಗುಂಪು, ಹೆಚ್ಚಿನವರು ಯಹೂದಿ ಪಂಡಿತರು, ಎರಡು ಜನಾಂಗಕ್ಕೂ ಸಮ ಪಾಲಿರೋ ಒಂದೇ ರಾಜ್ಯ ಬೇಕು ಅಂತ ಶುರು ಮಾಡಿತ್ತು. ಆಮೇಲೆ ಹೀಬ್ರೂ ಯೂನಿವರ್ಸಿಟಿ ಮುಖ್ಯಸ್ಥ ಜೂಡಾ ಮ್ಯಾಗ್ನಿಸ್, ದಾರ್ಶನಿಕ ಮಾರ್ಟಿನ್ ಬೂಬರ್ ಇಬ್ರೂ 1942ರಲ್ಲಿ ಇಹೂದ್ ಅಂತ ಇನ್ನೊಂದು ಕಟ್ಟಿದ್ರು. ತಮ್ಮ ಜನಾನೇ ಇವರ ಮಾತು ಕೇಳಲಿಲ್ಲ. ಅರಬರ ಕಡೆಯಿಂದ ಇವರ ಜೊತೆ ಕೈ ಜೋಡಿಸಿದ ಫೌಜಿ ಅಲ್ ಹುಸೇನಿ ಅನ್ನೋರನ್ನ 1946ರ ನವೆಂಬರಲ್ಲಿ ಅರಬರೇ ಕೊಂದರು. 1993ರಲ್ಲಿ ಓಸ್ಲೋ ಒಪ್ಪಂದ ಮಾಡಿ ಎರಡು ರಾಜ್ಯದ ಕಡೆ ಹೆಜ್ಜೆ ಇಟ್ಟ ಇಸ್ರೇಲ್ ಪ್ರಧಾನಿ ರಾಬಿನ್ ಅವರನ್ನ 1995ರಲ್ಲಿ ಒಬ್ಬ ಯಹೂದಿ ಹುಡುಗ ಗುಂಡಿಟ್ಟು ಕೊಂದ. ಅಲ್ಲಿ ಸಂಧಾನಕ್ಕೆ ಹೋದೋರಿಗೆ ಗುಂಡು ಬಂದಿದ್ದು ಎದುರು ಮನೆಯಿಂದಲ್ಲ ಮೇಷ್ಟ್ರೇ, ಸ್ವಂತ ಹಿತ್ತಲಿಂದ.

ಇನ್ನು ನಮ್ಮ ವಿಷಯ ಕೇಳಿದ್ರಲ್ಲ, ನಾವು ಒಟ್ಟಿಗಿಲ್ವಾ ಅಂತ. ಇದೀವಿ, ಆದ್ರೆ ಒಂದೇ ಅಡುಗೆಮನೇಲಿ ಇದೀವಾ? 1956ರಲ್ಲಿ ಭಾಷೆ ನೋಡಿ ಒಲೆ ಬೇರೆ ಮಾಡ್ಕೊಂಡ್ವಿ, ಮನೆ ಮಾತ್ರ ಒಂದೇ ಇಟ್ಕೊಂಡ್ವಿ. ಬೆಳಗಾವಿ ಜಗಳ ಇನ್ನೂ ಮುಗಿದಿಲ್ಲ, ಕಾವೇರಿ ಜಗಳ ಮುಗಿಯೋ ಹಾಗೆ ಕಾಣಲ್ಲ, ಆದ್ರೂ ಬೆಳಗಾವಿಯ ಮರಾಠಿಗನಿಗೂ ನನಗೂ ಓಟು ಒಂದೇ, ಕೋರ್ಟು ಒಂದೇ, ಅವನು ನಾಳೆ ಬೆಂಗಳೂರಿಗೆ ಬಂದು ಮನೆ ಮಾಡಿದ್ರೆ ಚೆಕ್‌ಪೋಸ್ಟಲ್ಲಿ ಪರ್ಮಿಟ್ ಕೇಳೋರಿಲ್ಲ. ಜಗಳ ಉಳೀತು, ಆದ್ರೆ ಸಮಸಮ ಆಗಿ ಉಳೀತು. ನನ್ನ ಉತ್ತರ ಹೇಳ್ಬಿಡ್ತೀನಿ ಕೇಳಿ, ಒಟ್ಟಿಗೆ ಬದುಕೋಕೆ ಆಗುತ್ತೆ, ಒಂದೇ ರಾಜ್ಯ ಅನ್ನೋದು ನಾಳೆ ಬೆಳಗ್ಗೆಗೆ ಆಗಲ್ಲ, ಎರಡು ಒಲೆ ಒಂದೇ ಅಂಗಳ ಆದ್ರೆ ಆಗಬಹುದು, ಆದ್ರೆ ಇದ್ರಲ್ಲಿ ಯಾವ್ದೇ ಆಗ್ಬೇಕಾದ್ರೂ ಮೊದ್ಲು ಕಾನೂನು ಸಮ ಆಗ್ಬೇಕು, ಬಾವುಟ ಎಷ್ಟು ಅನ್ನೋದು ಆಮೇಲಿನ ಮಾತು. ಎಲ್ಲಾರೂ ಬಾವುಟದಿಂದ ಶುರು ಮಾಡ್ತಾರೆ, ಎಪ್ಪತ್ತೈದು ವರ್ಷದಿಂದ.

1947ರಲ್ಲಿ ಭಾರತ ಯುಎನ್‌ನಲ್ಲಿ ಇಸ್ರೇಲ್ ವಿರುದ್ಧ ಓಟು ಹಾಕಿತ್ತು ಅಂತ ವಾಟ್ಸಾಪಲ್ಲಿ ಬಂತು. ನಿಜಾನಾ ಫೇಕಾ? — ಇಂಜಿನಿಯರಿಂಗ್ ವಿದ್ಯಾರ್ಥಿ, ಯಲಹಂಕ

ಅರ್ಧ ನಿಜ ಕಣಪ್ಪಾ, ವಾಟ್ಸಾಪಲ್ಲಿ ಅಷ್ಟು ಬಂದ್ರೇ ದೊಡ್ಡದು. ಓಟು ಹಾಕಿದ್ದು ಪ್ಯಾಲೆಸ್ತೀನನ್ನ ಎರಡು ಪಾಲು ಮಾಡೋ ಪ್ಲಾನ್ ವಿರುದ್ಧ. 1947 ನವೆಂಬರ್ 29, ಪರ 33, ವಿರುದ್ಧ 13, ತಟಸ್ಥ 10. ಆ 13ರಲ್ಲಿ ಭಾರತ, ಪಾಕಿಸ್ತಾನ ಎರಡೂ ಇದ್ವು, ಈ ಎರಡು ದೇಶ ಒಂದೇ ಕಡೆ ಕೈ ಎತ್ತಿದ್ದು ಅಪರೂಪ, ಫೋಟೋ ತೆಗೆದು ಫ್ರೇಮ್ ಹಾಕಿಸಬಹುದಿತ್ತು.

ಅದಕ್ಕಿಂತ ಸ್ವಾರಸ್ಯವಾದ್ದು ಓಟಿಗೆ ಮುಂಚೆ ನಡೆದದ್ದು, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಯುಎನ್ ಆ ವರ್ಷ ಹನ್ನೊಂದು ದೇಶದ ಒಂದು ಕಮಿಟಿ ಮಾಡಿ ಪ್ಯಾಲೆಸ್ತೀನಿಗೆ ಕಳಿಸ್ತು. ನಮ್ಮ ಕಡೆಯಿಂದ ಹೋದೋರು ಸರ್ ಅಬ್ದುರ್ ರಹಮಾನ್, ಲಾಹೋರ್ ಹೈಕೋರ್ಟಿನ ಜಡ್ಜ್. ಏಳು ದೇಶ ಪಾಲು ಮಾಡೋಣ ಅಂದ್ವು, ಆಸ್ಟ್ರೇಲಿಯಾ ಯಾವ ಕಡೆಗೂ ಹೋಗಲಿಲ್ಲ, ಉಳಿದ ಮೂರು ದೇಶ, ಭಾರತ, ಇರಾನ್, ಯುಗೊಸ್ಲಾವಿಯಾ, ಬೇರೆ ವರದಿ ಕೊಟ್ವು. ಅದರಲ್ಲಿ ಏನಿತ್ತು ಗೊತ್ತಾ? ಒಂದೇ ದೇಶ, ಒಳಗೆ ಒಂದು ಅರಬ್ ರಾಜ್ಯ, ಒಂದು ಯಹೂದಿ ರಾಜ್ಯ, ಜೆರುಸಲೇಂ ರಾಜಧಾನಿ. ಎರಡು ಮನೆಯ ಪಾರ್ಲಿಮೆಂಟು, ಒಂದರಲ್ಲಿ ಜನಸಂಖ್ಯೆ ಲೆಕ್ಕದಲ್ಲಿ ಸೀಟು, ಇನ್ನೊಂದರಲ್ಲಿ ಇಬ್ಬರಿಗೂ ಸಮಸಮ ಸೀಟು. ಅಂದ್ರೆ ಎಷ್ಟೇ ಕಮ್ಮಿ ಜನ ಇದ್ರೂ ಒಂದು ಮನೇಲಿ ನಿನ್ನನ್ನ ಯಾರೂ ಸೋಲಿಸೋಕಾಗಲ್ಲ. ಇವತ್ತು ಸೆಮಿನಾರುಗಳಲ್ಲಿ ಫೆಡರೇಷನ್ನು ಕಾನ್ಫೆಡರೇಷನ್ನು ಅಂತ ಹೊಸದಾಗಿ ಕಂಡುಹಿಡಿದ ಹಾಗೆ ಮಾತಾಡ್ತಾರಲ್ಲ, ಅದರ ಅಜ್ಜ ಇದು.

ಆ ವರದಿಗೆ ಸಹಿ ಬಿದ್ದ ದಿನ 1947 ಆಗಸ್ಟ್ 31, ಜಿನೀವಾದಲ್ಲಿ. ತಾರೀಕು ನೋಡು. ನಮ್ಮ ದೇಶ ಪಾಲಾಗಿ ಎರಡು ವಾರ, ಪಂಜಾಬ್ ಹೊತ್ತಿ ಉರೀತಿದೆ, ಲಾಹೋರಿನ ಆ ಜಡ್ಜು ಜಿನೀವಾದಲ್ಲಿ ಕೂತು ಇನ್ನೊಬ್ಬರ ಮನೆ ಪಾಲು ಮಾಡಬೇಡಿ ಅಂತ ಬರೀತಿದ್ದಾರೆ. ನಂಗೆ ಇದನ್ನ ಓದಿದಾಗ ಮೈ ಒಂಥರಾ ಆಗುತ್ತೆ.

ಆದ್ರೆ ನಮ್ಮೋರು ಬರೆದ್ರು ಅಂತ ಅದು ಪರ್ಫೆಕ್ಟ್ ಆಗಲ್ಲ. ಯಹೂದಿಗಳಿಗೆ ಅದು ಬೇಡವಾಗಿತ್ತು, ಹಿಟ್ಲರ್ 60 ಲಕ್ಷ ಜನರನ್ನ ಕೊಂದು ಎರಡು ವರ್ಷ ಆಗಿತ್ತಷ್ಟೆ, ಬದುಕಿ ಉಳಿದೋರು ಕ್ಯಾಂಪುಗಳಲ್ಲಿ ಕೂತಿದ್ರು, ಇನ್ನೊಬ್ಬರ ಮೆಜಾರಿಟಿ ಕೈಲಿ ತಮ್ಮ ಬಾಗಿಲ ಕೀ ಕೊಡೋಕೆ ಅವರು ತಯಾರಿರಲಿಲ್ಲ. ಅರಬರಿಗೂ ಬೇಡವಾಗಿತ್ತು, ಮೂರರಲ್ಲಿ ಎರಡು ಪಾಲು ಜನ ನಾವು, ನಮಗೆ ಯಾಕೆ ಸಮಸಮ ಅಂತ. ಪಾಸಾಗಿದ್ದು ಪಾಲಿನ ಪ್ಲಾನು, ಅದರಲ್ಲಿ ಮೂರರಲ್ಲಿ ಒಂದು ಪಾಲು ಜನಕ್ಕೆ ಅರ್ಧಕ್ಕಿಂತ ಜಾಸ್ತಿ ನೆಲ, ಅರಬರು ಒಪ್ಪಲಿಲ್ಲ, ಯುದ್ಧ ಆಯ್ತು. ಭಾರತ 1950ರಲ್ಲಿ ಇಸ್ರೇಲಿಗೆ ಮಾನ್ಯತೆ ಕೊಡ್ತು, 1988ರಲ್ಲಿ ಪ್ಯಾಲೆಸ್ತೀನಿಗೂ ಕೊಡ್ತು, 1992ರಲ್ಲಿ ಇಸ್ರೇಲ್ ಜೊತೆ ಪೂರ್ತಿ ರಾಯಭಾರ ಸಂಬಂಧ. ಈಗ ನಮ್ಮ ಅಧಿಕೃತ ಮಾತು ಎರಡು ರಾಜ್ಯ ಅಂತ. ಫೆಡರಲ್ ವರದಿ ಯಾವ್ದೋ ಕಪಾಟಲ್ಲಿ ಧೂಳು ತಿಂತಿದೆ. ನಿನ್ನ ಗ್ರೂಪಿಗೆ ಇದನ್ನ ಹಾಕು, ಯಾರೂ ಪೂರ್ತಿ ಓದಲ್ಲ, ಆದ್ರೂ ಹಾಕು.

ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಇದೇ ವಿಷಯಕ್ಕೆ ಇಬ್ಬರು ಮಾತು ಬಿಟ್ಟಿದ್ದಾರೆ. ನೀವು ಯಾರ ಪರ ಅಂತ ಒಂದೇ ಮಾತಲ್ಲಿ ಹೇಳಿ. — ಗೃಹಿಣಿ, ಫ್ರೇಜರ್ ಟೌನ್

ಲಿಫ್ಟು ಕೆಟ್ಟಾಗ ಆ ಇಬ್ಬರೂ ಒಟ್ಟಿಗೆ ಸೆಕ್ರೆಟರಿಗೆ ಬೈತಾರಲ್ಲಮ್ಮಾ, ಆ ಗಳಿಗೆ ಪರ.

ನನ್ನ ಟೀಮಲ್ಲಿ ಟೆಲ್ ಅವೀವಿನ ಇಬ್ರು ಇದಾರೆ, ಸರ್ಕಾರನ ಬೈಯೋ ಒಳ್ಳೆ ಜನಾನೇ. ಆದ್ರೆ ಒಂದೇ ರಾಜ್ಯ ಅಂದ್ರೆ "ಅವತ್ತಿಗೆ ನಮ್ಮ ಕಥೆ ಮುಗೀತು" ಅಂತಾರೆ. ಅವರ ಭಯ ನಿಜಾನಾ ಇಲ್ಲಾ ನೆಪಾನಾ? — ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ಭಯ ನಿಜ. ಆ ಭಯಾನ ನೆಪ ಮಾಡ್ಕೊಂಡು ರಾಜಕೀಯ ಮಾಡೋರೂ ನಿಜ. ಎರಡೂ ಒಟ್ಟಿಗೆ ನಿಜ ಆಗಬಹುದು.

ನಮ್ಮ ಮೈಸೂರು ರೋಡ್ ಕಡೆ ಒಂದು ಪುಟ್ಟ ಯಹೂದಿ ಸ್ಮಶಾನ ಇದೆ, ಹೀಬ್ರೂ ಅಕ್ಷರದ ಕಲ್ಲುಗಳು. ಕಂಟೋನ್‌ಮೆಂಟ್ ಕಾಲದಲ್ಲಿ ಕಮರ್ಷಿಯಲ್ ಸ್ಟ್ರೀಟಲ್ಲಿ ವ್ಯಾಪಾರ ಮಾಡ್ಕೊಂಡಿದ್ದ ಬಾಗ್ದಾದಿ ಮೂಲದ ಯಹೂದಿಗಳೂ ಇದ್ರು ಈ ಊರಲ್ಲಿ. ಅವರ ಮೂಲ ಊರು ಬಾಗ್ದಾದಲ್ಲಿ ಏನಾಯ್ತು ನೋಡಿ. ಅರಬಿಕ್ಕೇ ಮನೆ ಮಾತಾಗಿದ್ದ, ಸಾವಿರಾರು ವರ್ಷದಿಂದ ಅಲ್ಲೇ ಇದ್ದ ಯಹೂದಿಗಳ ಮೇಲೆ 1941ರ ಜೂನಲ್ಲಿ ದೊಂಬಿ ಬಿತ್ತು, ನೂರಕ್ಕೂ ಹೆಚ್ಚು ಜನ ಸತ್ತರು. ಹತ್ತು ವರ್ಷದೊಳಗೆ, 1950-51ರಲ್ಲಿ, ಸುಮಾರು 1.2 ಲಕ್ಷ ಇರಾಕಿ ಯಹೂದಿಗಳು ವಿಮಾನ ಹತ್ತಿ ಇಸ್ರೇಲಿಗೆ ಬಂದ್ರು, ಆಸ್ತಿ ಪಾಸ್ತಿ ಅಲ್ಲೇ ಬಿಟ್ಟು. ಯೆಮೆನ್, ಮೊರಾಕೊ, ಈಜಿಪ್ಟಿಂದಲೂ ಹೀಗೇ ಬಂದ್ರು. ಇವತ್ತಿನ ಇಸ್ರೇಲಿ ಯಹೂದಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಜನರ ಅಜ್ಜಿ ಮನೆ ಅರಬ್ ಊರುಗಳು, ಯೂರೋಪ್ ಅಲ್ಲ. ಅವರಿಗೆ "ಅರಬ್ ಮೆಜಾರಿಟಿ ಕೆಳಗೆ ಮೈನಾರಿಟಿಯಾಗಿರಿ, ಏನಾಗಲ್ಲ" ಅಂದ್ರೆ ಅಜ್ಜಿ ಹೇಳಿದ ಕಥೆ ನೆನಪಾಗುತ್ತೆ. ಅದರ ಮೇಲೆ 2023 ಅಕ್ಟೋಬರ್ 7, ಹಮಾಸ್ ಒಂದೇ ದಿನ ಸುಮಾರು 1,200 ಜನರನ್ನ ಕೊಂದು 250ರಷ್ಟು ಜನರನ್ನ ಒತ್ತೆ ಹಿಡ್ಕೊಂಡು ಹೋಯ್ತು. ಸತ್ತೋರಲ್ಲಿ ಗಾಜಾದ ರೋಗಿಗಳನ್ನ ತಮ್ಮ ಕಾರಲ್ಲಿ ಇಸ್ರೇಲಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದ ಶಾಂತಿ ಕಾರ್ಯಕರ್ತರೂ ಇದ್ರು.

ಈಗ ಇದೇ ಪ್ರಶ್ನೇನ ಗಾಜಾದವನ ಹತ್ರ ಕೇಳಿ. ಅಲ್ಲಿನ ಆರೋಗ್ಯ ಇಲಾಖೆ ಲೆಕ್ಕದಲ್ಲಿ ಆಮೇಲೆ ಸತ್ತೋರು 60 ಸಾವಿರ ದಾಟಿದ್ದಾರೆ, ಮಕ್ಕಳೇ ಎಷ್ಟೋ ಸಾವಿರ, ಹೆಚ್ಚುಕಡಿಮೆ ಎಲ್ಲಾರೂ ಮನೆ ಬಿಟ್ಟು ಓಡಿದೋರೇ, ಎಷ್ಟೋ ಜನ ಒಂದಲ್ಲ ನಾಲ್ಕೈದು ಸಲ. ಅವನಿಗೆ "ಯಹೂದಿಗಳ ಜೊತೆ ಒಂದೇ ರಾಜ್ಯದಲ್ಲಿ ಇರ್ತೀಯಾ" ಅಂದ್ರೆ ಅವನು ಮುಖ ನೋಡ್ತಾನೆ ಅಷ್ಟೆ. ನಿಮ್ಮ ಸಹೋದ್ಯೋಗಿಗಳ ಭಯಾನ ನಾನು ನಂಬ್ತೀನಿ. ಆದ್ರೆ ಭಯಕ್ಕೆ ಔಷಧಿ ಅಂತ ಪಕ್ಕದೋನ ಕತ್ತು ಹಿಡ್ಕೊಂಡು ಕೂತ್ರೆ ಬಿಡೋಕೂ ಭಯ, ಹಿಡ್ಕೊಂಡಿರೋಕೂ ಭಯ. 1967ರಿಂದ ಹಾಗೇ ಇದೆ. ಕಾಫಿ ಬ್ರೇಕಲ್ಲಿ ಒಂದ್ಸಲ ಕೇಳಿ, ಒಂದೇ ರಾಜ್ಯ ಬೇಡ ಸರಿ, ಹಂಗಾದ್ರೆ ಆ ಕಡೆಯವರಿಗೆ ಸ್ವಂತ ರಾಜ್ಯ ಕೊಡ್ತೀರಾ ಅಂತ. 2024ರ ಜುಲೈಯಲ್ಲಿ ಅವರ ಪಾರ್ಲಿಮೆಂಟು 68ಕ್ಕೆ 9 ಓಟಲ್ಲಿ ಪ್ಯಾಲೆಸ್ತೀನಿ ರಾಜ್ಯ ಆಗಕೂಡದು ಅಂತ ನಿರ್ಣಯ ಮಾಡ್ತು. ಒಂದೂ ಬೇಡ ಎರಡೂ ಬೇಡ ಅಂದ್ರೆ ಉಳಿಯೋದು ಈಗಿರೋದೇ.

ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ದಿನಾ ಅದರ ಮುಂದೇನೇ ಓಡಾಡ್ತೀನಿ. ನಮ್ಮ ಕುದುರೆ ಪಡೆ ಗೆದ್ದ ಹೈಫಾದಲ್ಲಿ ಈಗ ಯಹೂದಿಗಳೂ ಅರಬರೂ ಒಟ್ಟಿಗಿದಾರೆ ಅಂತ ಕೇಳಿದೆ, ಹೌದಾ? — ಆಟೋ ಚಾಲಕ, ಜೆ.ಸಿ. ನಗರ

ಹೌದು ಅಣ್ಣಾ, ಮತ್ತೆ ನಿಮ್ಮ ಪ್ರಶ್ನೆಗೆ ದೊಡ್ಡ ಥ್ಯಾಂಕ್ಸ್, ಆ ಕಲ್ಲು ಕಂಬ ನೋಡಿಯೂ ನೋಡದೆ ಹೋಗೋರೇ ಜಾಸ್ತಿ. 1918 ಸೆಪ್ಟೆಂಬರ್ 23, ಮೈಸೂರು, ಜೋಧ್‌ಪುರ್ ಲ್ಯಾನ್ಸರುಗಳು ಕುದುರೆ ಮೇಲೆ ಈಟಿ ಹಿಡ್ಕೊಂಡು ತುರ್ಕರ ಮೆಷಿನ್‌ಗನ್ ಎದುರು ನುಗ್ಗಿದ್ರು, ಕಾರ್ಮೆಲ್ ಬೆಟ್ಟ ಹತ್ತಿದೋರಲ್ಲಿ ನಮ್ಮೋರಿದ್ರು. ದೆಹಲಿಯ ತೀನ್ ಮೂರ್ತಿಯಲ್ಲಿರೋ ಮೂರು ಸಿಪಾಯಿಗಳು ಹೈದರಾಬಾದ್, ಜೋಧ್‌ಪುರ್, ಮೈಸೂರು. ಗೆದ್ದದ್ದು ಮಾತ್ರ ಬ್ರಿಟಿಷರಿಗಾಗಿ, ಅವರು ಅದರ ಹಿಂದಿನ ವರ್ಷಾನೇ ತಮ್ಮ ವಿದೇಶಾಂಗ ಮಂತ್ರಿ ಬಾಲ್ಫರ್ ಬರೆದ ಕಾಗದದಲ್ಲಿ ಯಹೂದಿಗಳಿಗೆ ಅಲ್ಲಿ ರಾಷ್ಟ್ರೀಯ ನೆಲೆ ಮಾಡ್ಕೊಡ್ತೀವಿ ಅಂತ ಮಾತು ಕೊಟ್ಟಿದ್ರು, ಅಲ್ಲಿದ್ದೋರನ್ನ ಕೇಳದೆ.

ಈಗಿನ ಹೈಫಾ ಮಿಶ್ರ ಊರು. ಬಸ್ಸಲ್ಲಿ, ಬೀಚಲ್ಲಿ, ಯೂನಿವರ್ಸಿಟೀಲಿ ಇಬ್ರೂ ಇರ್ತಾರೆ, ಆಸ್ಪತ್ರೆಗೆ ಹೋದ್ರೆ ಡಾಕ್ಟರು ಅರಬ್, ರೋಗಿ ಯಹೂದಿ, ಮೆಡಿಕಲ್ ಶಾಪಿನೋನು ಅರಬ್, ಇದು ಅಲ್ಲಿ ದಿನದ ಮಾತು. ವಾದಿ ನಿಸ್ನಾಸ್ ಅನ್ನೋ ಅರಬ್ ಬಡಾವಣೇಲಿ ಡಿಸೆಂಬರ್ ಬಂತು ಅಂದ್ರೆ ಕ್ರಿಸ್‌ಮಸ್ಸಿಗೂ ಯಹೂದಿಗಳ ಹನುಕ್ಕಾ ಹಬ್ಬಕ್ಕೂ ಸೇರಿಸಿ ಜಾತ್ರೆ ಮಾಡ್ತಾರೆ. ಆದ್ರೆ ಆ ಬಡಾವಣೆ ಅಷ್ಟು ಚಿಕ್ಕದಾಗಿ ಯಾಕಿದೆ ಅಂತ ಕೇಳಿದ್ರೆ ಕಥೆ ಬೇರೆ. 1948ರ ಏಪ್ರಿಲಲ್ಲಿ ಹೈಫಾಗಾಗಿ ಕದನ ಆಯ್ತು, ಗುಂಡು ಶೆಲ್ಲು ಬೀಳ್ತಿದ್ದ ಹಾಗೆ ಅರಬರು ಬಂದರಿಗೆ ಓಡಿ ದೋಣಿ ಹತ್ತಿದ್ರು, ಯಹೂದಿ ಮೇಯರ್ ಶಬ್ತೈ ಲೆವಿ "ಹೋಗಬೇಡಿ" ಅಂತ ಬೇಡ್ಕೊಂಡ್ರು, ಆದ್ರೂ ಊರಲ್ಲಿದ್ದ ಹತ್ತಾರು ಸಾವಿರ ಅರಬರಲ್ಲಿ ಕೊನೆಗೆ ಉಳಿದೋರು ಕೆಲವೇ ಸಾವಿರ, ಅವರನ್ನ ಒಟ್ಟುಮಾಡಿ ಆ ಬಡಾವಣೆ ಕಡೆ ಇರಿಸಿದ್ರು.

ಮಿಶ್ರ ಊರುಗಳ ಆಚೆ ಮನೆ ಸಿಗೋದು ಸುಲಭ ಅಂತಲೂ ಅಲ್ಲ. ಇಸ್ರೇಲಿನ ಎಷ್ಟೋ ಸಣ್ಣ ಸಣ್ಣ ಊರುಗಳಲ್ಲಿ ಅಡ್ಮಿಷನ್ ಕಮಿಟಿ ಅಂತಿರುತ್ತೆ, ನೀನು ನಮ್ಮ ಸಮಾಜಕ್ಕೆ ಹೊಂದ್ತೀಯಾ ಅಂತ ನೋಡ್ತಾರೆ, 2011ರಿಂದ ಅದಕ್ಕೆ ಕಾನೂನೇ ಇದೆ, ಅರಬರನ್ನ ಹೊರಗಿಡೋಕೆ ಅದು ಸುಲಭದ ದಾರಿ ಅಂತ ಅಲ್ಲಿನ ಹಕ್ಕು ಸಂಘಗಳ ತಕರಾರು. ನಗಬೇಡಿ. "ವೆಜ್ಜಾ ನಾನ್‌ವೆಜ್ಜಾ" ಅಂತ ಕೇಳಿ, ಹೆಸರು ಕೇಳಿ, ಆಮೇಲೆ "ಮನೆ ಆಗ್ಲೇ ಬೇರೆಯೋರಿಗೆ ಕೊಟ್ಬಿಟ್ವಿ" ಅನ್ನೋ ಊರಲ್ಲೇ ನಾನೂ ನೀವೂ ಇರೋದು, ನಮಗೆ ಕಮಿಟಿ ಬೇಕಾಗಿಲ್ಲ ಅಷ್ಟೆ.

ಸೌತ್ ಆಫ್ರಿಕಾದಲ್ಲಿ ಆಯ್ತಲ್ಲ ಸಾರ್, ಇಲ್ಲಿ ಯಾಕಾಗಲ್ಲ? — ಲಾ ಸ್ಟೂಡೆಂಟ್, ಮಲ್ಲೇಶ್ವರಂ

ಒಳ್ಳೆ ಪಾಯಿಂಟು ಕಣಮ್ಮಾ, ಅರ್ಧ ದೂರ ಬರುತ್ತೆ, ಆಮೇಲೆ ಕೈ ಕೊಡುತ್ತೆ. ಅಲ್ಲಿ 1994ರಲ್ಲಿ ಎಲ್ಲಾರಿಗೂ ಓಟು ಬಂದಾಗ ಬಿಳಿಯರು ಹತ್ತರಲ್ಲಿ ಒಂದೂವರೆ ಪಾಲೂ ಇರಲಿಲ್ಲ, ಅವರ ಗಣಿ, ಅವರ ಫ್ಯಾಕ್ಟರಿ ಎಲ್ಲಾ ನಡೀತಿದ್ದದ್ದು ಕರಿಯರ ಕೈಯಿಂದ, ಕೆಲಸ ನಿಲ್ಲಿಸಿದ್ರೆ ದೇಶ ನಿಲ್ತಿತ್ತು. ಎಲ್ಲಕ್ಕಿಂತ ಮುಖ್ಯ, ಮಂಡೇಲಾ ಅವರ ಪಕ್ಷ ಎಎನ್‌ಸಿ ಕೇಳಿದ್ದೇ ಒಂದೇ ದೇಶ, ಬಿಳಿಯರದ್ದೂ ಹೌದು ಕರಿಯರದ್ದೂ ಹೌದು ಅಂತ ಅವರ ಚಾರ್ಟರಲ್ಲೇ ಇತ್ತು. ಇಲ್ಲಿ ಜನ ಅರ್ಧರ್ಧ, ಇಬ್ಬರಿಗೂ ಬೇರೆ ಬೇರೆ ಬಾವುಟದ ಆಸೆ, ಇಸ್ರೇಲ್ ಪ್ಯಾಲೆಸ್ತೀನಿ ಕೂಲಿಯವರನ್ನ ಬಿಟ್ಟು ಥಾಯ್ಲೆಂಡಿನೋರನ್ನ, ಈಗ ನಮ್ಮ ಭಾರತದೋರನ್ನೂ ಕರೆಸ್ಕೊಳ್ಳುತ್ತೆ.

ಉಲ್ಟಾ ಉದಾಹರಣೇನೂ ಪಕ್ಕದಲ್ಲೇ ಇದೆ, ಲೆಬನಾನ್. 1943ರಲ್ಲಿ ಒಪ್ಪಂದ ಮಾಡ್ಕೊಂಡ್ರು, ಪ್ರೆಸಿಡೆಂಟ್ ಮಾರೊನೈಟ್ ಕ್ರಿಶ್ಚಿಯನ್, ಪ್ರಧಾನಿ ಸುನ್ನಿ, ಸ್ಪೀಕರ್ ಶಿಯಾ. ಜನ ಹೆಚ್ಚುಕಮ್ಮಿ ಆದ್ರೆ ಒಪ್ಪಂದ ಮುರಿದೀತು ಅಂತ 1932ರ ನಂತರ ಜನಗಣತೀನೇ ಮಾಡಿಲ್ಲ. 1975ರಿಂದ ಹದಿನೈದು ವರ್ಷ ಒಳಜಗಳ. ಸೀಟು ಹಂಚಿಕೊಂಡು ಕೂತ ಮಾತ್ರಕ್ಕೆ ಮನೆ ನಿಲ್ಲಲ್ಲ ಅನ್ನೋದಕ್ಕೆ ಅದು ಸಾಕ್ಷಿ. ನನಗೆ ಇವೆರಡಕ್ಕಿಂತ ನಾರ್ದರ್ನ್ ಐರ್ಲೆಂಡ್ ಹತ್ತಿರ ಅನ್ಸುತ್ತೆ. 1998ರ ಒಪ್ಪಂದದಲ್ಲಿ ಅಲ್ಲಿನೋರು ಐರಿಷ್ ಪಾಸ್‌ಪೋರ್ಟ್ ಬೇಕಾದ್ರೆ ಅದು, ಬ್ರಿಟಿಷ್ ಬೇಕಾದ್ರೆ ಅದು, ಎರಡೂ ಬೇಕಾದ್ರೆ ಎರಡೂ ಇಟ್ಕೊಬಹುದು ಅಂತ ಮಾಡಿದ್ರು. ಬೆಲ್‌ಫಾಸ್ಟಲ್ಲಿ ಎರಡು ಕೇರಿ ಮಧ್ಯೆ ಗೋಡೆಗಳು ಇನ್ನೂ ನಿಂತಿವೆ, ಆದ್ರೆ ಬಾಂಬು ಹೆಚ್ಚುಕಡಿಮೆ ನಿಂತಿದೆ. ಇಸ್ರೇಲಿ ಪ್ಯಾಲೆಸ್ತೀನಿ ಇಬ್ರೂ ಸೇರಿ ನಡೆಸೋ "ಎಲ್ಲರಿಗೂ ಒಂದೇ ನೆಲ" ಅನ್ನೋ ಚಳವಳಿ ಹೇಳೋದೂ ಸುಮಾರು ಇದನ್ನೇ, ಎರಡು ರಾಜ್ಯ, ತೆರೆದ ಗಡಿ, ಓಟು ನಿನ್ನ ರಾಜ್ಯದಲ್ಲಿ, ಮನೆ ಎಲ್ಲಿ ಬೇಕಾದ್ರೂ. ವೆಸ್ಟ್ ಬ್ಯಾಂಕು, ಪೂರ್ವ ಜೆರುಸಲೇಂ ಸೇರಿ 7 ಲಕ್ಷದಷ್ಟು ಇಸ್ರೇಲಿ ವಸಾಹತಿಗರು ಬೇರು ಬಿಟ್ಟಿರೋವಾಗ, ಬೆಟ್ಟದ ಕೆಳಗಿನ ಅಂತರ್ಜಲ ಎರಡೂ ಕಡೆಗೆ ಹರಿಯೋವಾಗ, ಗೆರೆ ಎಳೆದು ಕತ್ತರಿಸೋದು ಬಾವಿ ಪಾಲು ಮಾಡಿದ ಹಾಗೆ, ಆದ್ರಿಂದ ನನಗೆ ಈ ದಾರಿ ಹಿಡಿಸುತ್ತೆ. ದೊಡ್ಡ ಪಾರ್ಟಿ ಯಾವ್ದೂ ಅದನ್ನ ಮುಟ್ಟಿಲ್ಲ ಅನ್ನೋದೂ ಗೊತ್ತು.

ನಿಮ್ಮನ್ನೇ ಸಂಧಾನಕ್ಕೆ ಕಳಿಸಿದ್ರೆ? — ಹೆಸರು ಬೇಡ, ಹನುಮಂತನಗರ

ನಮ್ಮ ಗೇಟಿನ ಮುಂದೆ ಪಕ್ಕದ ಮನೆಯೋರು ಕಾರು ನಿಲ್ಸೋದನ್ನ ಹನ್ನೊಂದು ವರ್ಷದಿಂದ ಬಗೆಹರಿಸೋಕಾಗಿಲ್ಲ. ಬೇರೆ ಯಾರನ್ನಾದ್ರೂ ನೋಡಿ.

ಅಂಕಲ್, ಅಲ್ಲಿ ಯಹೂದಿ ಮಕ್ಕಳು ಅರಬ್ ಮಕ್ಕಳು ಒಂದೇ ಸ್ಕೂಲಲ್ಲಿ ಓದ್ತಾರಾ? — ಎಂಟನೇ ಕ್ಲಾಸ್, ವಿಜಯನಗರ

ಹೆಚ್ಚಿನವರು ಇಲ್ಲ ಪುಟ್ಟಾ, ಸರ್ಕಾರಿ ಸ್ಕೂಲುಗಳೇ ಹೀಬ್ರೂದು ಬೇರೆ, ಅರಬಿಕ್‌ದು ಬೇರೆ. ಆದ್ರೆ ಕೆಲವು ಕಡೆ ಓದ್ತಾರೆ. ಜೆರುಸಲೇಂ ಮತ್ತೆ ಟೆಲ್ ಅವೀವ್ ಮಧ್ಯೆ ಗುಡ್ಡದ ಮೇಲೊಂದು ಹಳ್ಳಿ ಇದೆ, ಹೀಬ್ರೂದಲ್ಲಿ ನೆವೆ ಶಾಲೋಂ, ಅರಬಿಕ್‌ನಲ್ಲಿ ವಾಹತ್ ಅಲ್ ಸಲಾಂ, ಎರಡಕ್ಕೂ ಅರ್ಥ ಶಾಂತಿಯ ಓಯಸಿಸ್ ಅಂತ. ಅಲ್ಲಿ ಎರಡೂ ಥರದ ಮನೆಯೋರು ಬೇಕು ಅಂತಾನೇ ಬಂದು ಅಕ್ಕಪಕ್ಕ ಇದಾರೆ, ಮಕ್ಕಳು ಒಂದೇ ಸ್ಕೂಲು. 1998ರಲ್ಲಿ ಹ್ಯಾಂಡ್ ಇನ್ ಹ್ಯಾಂಡ್ ಅಂತ ಇನ್ನಷ್ಟು ಸ್ಕೂಲು ಶುರುವಾದ್ವು, ಚಿಕ್ಕ ಕ್ಲಾಸುಗಳಲ್ಲಿ ಇಬ್ರು ಟೀಚರ್, ಒಬ್ರು ಹೀಬ್ರೂ ಮಾತಾಡ್ತಾರೆ, ಇನ್ನೊಬ್ರು ಅರಬಿಕ್. 2014ರ ನವೆಂಬರಲ್ಲಿ ಜೆರುಸಲೇಂನ ಆ ಸ್ಕೂಲಿನ ಒಂದನೇ ಕ್ಲಾಸಿಗೆ ಕೆಲವು ಯಹೂದಿ ಕಿಡಿಗೇಡಿಗಳು ಬೆಂಕಿ ಹಚ್ಚಿದ್ರು. ಸ್ಕೂಲು ಮುಚ್ಚಲಿಲ್ಲ.

ಒಂದು ತಮಾಷೆ ಕೇಳು. ಆ ಸ್ಕೂಲುಗಳನ್ನ ನೋಡಿದೋರು ಎಲ್ಲಾರೂ ಹೇಳೋ ಒಂದು ವಿಷಯ ಏನಂದ್ರೆ, ಕ್ಲಾಸಲ್ಲಿ ಎರಡೂ ಭಾಷೆ ಸಮ, ಆದ್ರೆ ಬೆಲ್ ಹೊಡೆದು ಆಟಕ್ಕೆ ಬಿಟ್ರೆ ಮಾತು ಹೀಬ್ರೂಗೆ ಜಾರುತ್ತೆ. ಅರಬ್ ಮಕ್ಕಳಿಗೆ ಹೀಬ್ರೂ ಚೆನ್ನಾಗಿ ಬರುತ್ತೆ, ಬರಲೇಬೇಕು, ಯಹೂದಿ ಮಕ್ಕಳಿಗೆ ಅರಬಿಕ್ ಅಷ್ಟು ಬರಲ್ಲ, ಬರದಿದ್ರೂ ಅವರಿಗೆ ನಡೆಯುತ್ತೆ. ಟೀಚರುಗಳು ಇದನ್ನ ಸರಿ ಮಾಡೋಕೆ ವರ್ಷಗಟ್ಟಲೆ ಒದ್ದಾಡ್ತಿದಾರೆ.

ನೀನು ಮುಂದಿನ ಸಲ ಬರೀವಾಗ ಒಂದು ನೋಡಿ ಹೇಳು. ನಿಮ್ಮ ಕ್ಲಾಸಲ್ಲಿ ಕನ್ನಡ, ತಮಿಳು, ಉರ್ದು, ಹಿಂದಿ ಮನೆಮಾತಿನ ಮಕ್ಕಳು ಸೇರಿ ಗ್ರೌಂಡಲ್ಲಿ ಕ್ರಿಕೆಟ್ ಆಡ್ತೀರಲ್ಲ, ಔಟಾ ನಾಟೌಟಾ ಅಂತ ಜಗಳ ಬಂದಾಗ ಯಾರು ಯಾರ ಭಾಷೆಗೆ ಬರ್ತಾರೆ ಅಂತ.